ಅಹಮದ್ ಖಾನ್: ಆಟವೂ ಆಟದ ಅನಂತರವೂ

ನಮ್ಮ ಕಾವ್ಯಗಳಲ್ಲಿ ಕಂದುಕ ಕ್ರೀಡೆಗೆ ಕೊರತೆಯಿಲ್ಲ. ಆದರೆ ಅಲ್ಲಿ ಚೆಂಡನ್ನು ಆಡುವುದು ಕೈಯಿಂದ. ಆಡುವವರು ಹೆಚ್ಚಾಗಿ ರಾಜಕುಮಾರಿಯರು, ಅವರ ಸಖಿಯರು. ಕಾಲಿನಿಂದ ಚೆಂಡನ್ನು ಒದ್ದಾಡುವ ಈ ಆಟ ಸೋಲ್ಜರುಗಳ ಜೊತೆಯಲ್ಲಿ ಹಡಗು ಹತ್ತಿ ಬಂದದ್ದು. ಬೆಂಗಳೂರಿನಲ್ಲಿ ಅದು ಬಂದು ಇಳಿದದ್ದು ನಮ್ಮ ಪೇಟೆಯಲ್ಲಲ್ಲ, ದಂಡಿನಲ್ಲಿ. ಅದಕ್ಕೇ ಇರಬೇಕು, ಪೇಟೆಯವರಾದ ನಮಗೆ ಕಾಲ್ಚೆಂಡಾಟ ಎಂಬ ಪದ ಗೊತ್ತು, ಆಡಿದವರು ಗೊತ್ತಿಲ್ಲ.

ಬೇಕಾದರೆ ಬಳೇಪೇಟೆಯ ಚೌಕದಲ್ಲಿ ನಿಂತು ಕೇಳಿ ನೋಡಿ. ಒಲಿಂಪಿಕ್ ಕೂಟದ ಫುಟ್‌ಬಾಲಿನಲ್ಲಿ ಭಾರತದ ಪರವಾಗಿ ಗೋಲು ಹೊಡೆದ ಬೆಂಗಳೂರಿನವರು ಯಾರು ಎಂದು. ಬಳೆ ಅಂಗಡಿಯವರು, ಗ್ರಂಧಿಗೆ ಅಂಗಡಿಯವರು, ತಂಬೂರಿ ಹಾರ್ಮೋನಿಯಂ ಮಾರುವವರು, ಎಲ್ಲರೂ ಕ್ರಿಕೆಟ್ಟಿನವರ ಹೆಸರನ್ನು ಹತ್ತು ಹೇಳಿಯಾರು. ಈ ಪ್ರಶ್ನೆಗೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ. ಉತ್ತರವಾದರೋ ಸಣ್ಣದೇನಲ್ಲ. 1948ರ ಲಂಡನ್ ಕೂಟದಲ್ಲಿ ಭಾರತ ಆಡಿದ್ದು ಒಂದೇ ಪಂದ್ಯ, ಹೊಡೆದದ್ದು ಒಂದೇ ಗೋಲು. 1952ರ ಹೆಲ್ಸಿಂಕಿ ಕೂಟದಲ್ಲಿಯೂ ಅಷ್ಟೆ, ಒಂದು ಪಂದ್ಯ, ಒಂದು ಗೋಲು. ಆ ಎರಡು ಗೋಲುಗಳನ್ನು ಹೊಡೆದ ಕಾಲುಗಳು ಎರಡೂ ಬೆಂಗಳೂರಿನವು. ಮೊದಲನೆಯದು ಸಾರಂಗಪಾಣಿ ರಾಮನ್ ಅವರದು. ಎರಡನೆಯದು ಅಹಮದ್ ಖಾನರದು. ರಾಮನ್ನರ ಮಾತು ನಡುವೆ ಬರುತ್ತದೆ. ನಾನು ಹೇಳಹೊರಟದ್ದು ಅಹಮದ್ ಖಾನರ ವಿಷಯ.

ಅವರು ಹುಟ್ಟಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಮನೆತನವೇ ಆಟದ ಮನೆತನ. ಸೋದರರೂ ಮೈದಾನಕ್ಕೆ ಇಳಿದವರೇ. ಆ ಕಾಲಕ್ಕೆ ದಂಡಿನ ಪ್ರದೇಶದಲ್ಲಿ ಪಟಾಲಮ್ಮುಗಳ ತಂಡಗಳನ್ನು ನೋಡಿ ನೋಡಿ ಕಲಿತ ಹುಡುಗರು ಆ ಪಟಾಲಮ್ಮುಗಳನ್ನೇ ಸೋಲಿಸುವಷ್ಟು ಬೆಳೆದಿದ್ದರು. ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮ ಊರಿನ ತಂಡ 1937ರಲ್ಲಿ, ಮತ್ತೆ 1938ರಲ್ಲಿ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದು ತಂದಿತ್ತು. ಅದುವರೆಗೆ ಅದು ಬಹುಮಟ್ಟಿಗೆ ಬಿಳಿಯ ಸೈನಿಕರ ಸೊತ್ತಾಗಿದ್ದ ಕಪ್ಪು. ಅಹಮದ್ ಖಾನರಿಗೆ ಆಗ ಹನ್ನೊಂದು ಹನ್ನೆರಡರ ಪ್ರಾಯ. ಆ ವಯಸ್ಸಿನ ಹುಡುಗನಿಗೆ ಇಂಥ ಸುದ್ದಿ ಏನು ಮಾಡುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮುಂದೆ ಅವರು ಬೆಂಗಳೂರು ಕ್ರೆಸೆಂಟ್ಸ್‌ನಲ್ಲಿ ಆಡಿ, ಅದೇ ಮುಸ್ಲಿಮ್ಸ್ ತಂಡವನ್ನು ಸೇರಿದರು.

ಆಡಿದ್ದು ಬರಿಗಾಲಿನಲ್ಲಿ. ಇದನ್ನು ಬಡತನದ ಕಥೆಯನ್ನಾಗಿ ಮಾತ್ರ ಹೇಳುವ ರೂಢಿಯಿದೆ. ನನಗೆ ಅದು ಪೂರ್ತಿ ಸರಿಯೆನಿಸುವುದಿಲ್ಲ. ಒಣಗಿ ಗಟ್ಟಿಯಾದ ನಮ್ಮ ಮೈದಾನಗಳಲ್ಲಿ ಬರಿಗಾಲಿಗೆ ಅದರದೇ ಒಂದು ಅನುಕೂಲವಿತ್ತು. ಚೆಂಡು ಎಲ್ಲಿದೆಯೆಂದು ಕಣ್ಣಿನಿಂದ ನೋಡುವ ಮುಂಚೆ ಬೆರಳಿಗೇ ತಿಳಿಯುತ್ತದೆ. ಹಿಡಿದು ನಿಲ್ಲಿಸಬಹುದು, ಸವರಿ ಪಕ್ಕಕ್ಕೆ ತಳ್ಳಬಹುದು, ಎದುರಾಳಿ ಕಾಲು ಚಾಚಿದ ಕ್ಷಣದಲ್ಲಿ ಹೆಬ್ಬೆರಳಿನಿಂದ ಒಂದು ಗೇಣು ಈಚೆಗೆ ಎಳೆದುಕೊಳ್ಳಬಹುದು. ಅಹಮದ್ ಖಾನರು ಇದರಲ್ಲಿ ಎಂಥ ನಿಪುಣರೆಂದರೆ ಜನ ಅವರಿಗೆ 'ಹಾವಾಡಿಗ' ಎಂದೇ ಹೆಸರಿಟ್ಟರು. ಪುಂಗಿಯ ಮುಂದೆ ಹೆಡೆಯೆತ್ತಿದ ಹಾವು ಆಚೆಗೊಮ್ಮೆ ಈಚೆಗೊಮ್ಮೆ ತೂಗುವಂತೆ ಎದುರಾಳಿ ತೂಗುತ್ತಿದ್ದನಂತೆ. ತೊಂದರೆ ಬರುತ್ತಿದ್ದದ್ದು ಮಳೆ ಬಿದ್ದಾಗ. ಅಂದಿನ ಚರ್ಮದ ಚೆಂಡು ನೀರು ಕುಡಿದು ಗುಂಡಿನಂತಾಗುತ್ತಿತ್ತು, ನೆಲ ಜಾರುತ್ತಿತ್ತು, ಬೂಟಿನವನ ತುಳಿತ ಬೇರೆ.

1948ರ ಜುಲೈ 31. ಲಂಡನ್ನಿನ ಹತ್ತಿರದ ಇಲ್‌ಫರ್ಡಿನಲ್ಲಿ ಫ್ರಾನ್ಸಿನ ಮೇಲೆ ಪಂದ್ಯ. ಸ್ವತಂತ್ರ ಭಾರತಕ್ಕೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನಾಯಕರು ನಾಗಾ ನಾಡಿನ ವೈದ್ಯ ತಾಲಿಮೆರೆನ್ ಆವ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ನೀವು ಆಡುವುದು ಬೂಟ್‌ಬಾಲ್, ನಾವು ಆಡುವುದು ಫುಟ್‌ಬಾಲ್ ಎಂದು ಆವ್ ಅವರು ಅಲ್ಲಿಯ ಪತ್ರಿಕೆಯವರಿಗೆ ಚಟಾಕಿ ಹಾರಿಸಿದರೆಂದು ಪ್ರತೀತಿ. ಫ್ರಾನ್ಸ್ ಮೊದಲು ಒಂದು ಗೋಲು ಹೊಡೆಯಿತು. ನಮಗೆ ಎರಡು ಪೆನಾಲ್ಟಿಗಳು ದೊರೆತವು, ಎರಡೂ ವ್ಯರ್ಥವಾದವು. ಎಪ್ಪತ್ತನೆಯ ನಿಮಿಷದಲ್ಲಿ ನಮ್ಮ ರಾಮನ್ ಸಮ ಮಾಡಿದರು. ಪಂದ್ಯ ಮುಗಿಯಲು ಒಂದು ನಿಮಿಷವಿದೆ ಎನ್ನುವಾಗ ಫ್ರಾನ್ಸಿನವರು ಇನ್ನೊಂದು ಹೊಡೆದು ಗೆದ್ದರು. ಸೋತರೂ ಇಂಗ್ಲಿಷರ ಊರಿನಲ್ಲಿ ಮಾನ ಉಳಿಸಿಕೊಂಡು ಬಂದ ತಂಡ ಅದು. ಇಪ್ಪತ್ತೊಂದು ವರ್ಷದ ಅಹಮದ್ ಖಾನರು ಅಂದು ಮುಂಚೂಣಿಯ ಎಡಗಡೆಯಲ್ಲಿ ಆಡಿದರು.

ಮರುವರ್ಷ, 1949ರಲ್ಲಿ, ಎರಡು ಸಂಗತಿಗಳು ನಡೆದವು. ಇಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಯ ಕೆಳಗೆ ಸೇರಿ ಇಂದಿನ ಬೆಂಗಳೂರಾಯಿತು. ಅದೇ ವರ್ಷ ಅಹಮದ್ ಖಾನರು ಊರು ಬಿಟ್ಟು ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಊರು ಒಂದಾಗುವ ಹೊತ್ತಿಗೆ ಅದರ ಅತ್ಯುತ್ತಮ ಆಟಗಾರ ಊರಿನಲ್ಲಿರಲಿಲ್ಲ!

ಈಸ್ಟ್ ಬೆಂಗಾಲ್ ಎಂದರೆ ಯಾರ ಕ್ಲಬ್ಬು ಎಂಬುದನ್ನು ಇಲ್ಲಿ ತಿಳಿದಿರಬೇಕು. 1920ರಲ್ಲಿ ಹುಟ್ಟಿದ ಸಂಸ್ಥೆ ಅದು. ಹೆಸರೇ ಹೇಳುವಂತೆ ಪೂರ್ವ ಬಂಗಾಳದ ಮೂಲದವರದು. 1947ರಲ್ಲಿ ದೇಶ ಇಬ್ಭಾಗವಾದಾಗ ಆ ನಾಡಿನ ಹಿಂದುಗಳು ಮನೆಮಠ, ಹೊಲಗದ್ದೆ ಬಿಟ್ಟು ಗಂಟುಮೂಟೆಯೊಂದಿಗೆ ಕಲ್ಕತ್ತೆಗೆ ಬಂದು ಬಿದ್ದರು. ಅವರಿಗೆ ತಮ್ಮದೆಂದು ಹೇಳಿಕೊಳ್ಳಲು ಆ ಪರಊರಿನಲ್ಲಿ ಉಳಿದಿದ್ದುದರಲ್ಲಿ ಈ ಕ್ಲಬ್ಬೂ ಒಂದು. ಹಾಗೆ ನೊಂದು ಬಂದವರ ಕಣ್ಣಮುಂದೆ, ಅವರ ಕೆಂಪು ಹಳದಿ ಅಂಗಿ ತೊಟ್ಟು ಆಡಿ ಅವರನ್ನು ನಗಿಸಿದವರು ಬೆಂಗಳೂರಿನ ಒಬ್ಬ ಮುಸಲ್ಮಾನ ಯುವಕ. ಮುಂಚೂಣಿಯ ಐವರು, ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ, ಎಲ್ಲರೂ ದಕ್ಷಿಣದವರು. ಬಂಗಾಳಿಗಳು ಈ ಐವರನ್ನು ಪಂಚಪಾಂಡವರು ಎಂದು ಕರೆದರು. ಭಾರತವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವವನಾದ ನನಗೆ ಈ ಹೆಸರು ಬಹಳ ಪ್ರಿಯ. ಅಹಮದನೂ ಪಾಂಡವನಾಗಬಲ್ಲನೆಂದು, ವಿಭಜನೆಯ ಗಾಯ ಹಸಿಯಾಗಿದ್ದಾಗಲೇ, ಗಾಯಗೊಂಡ ಜನವೇ ಹೇಳಿತಲ್ಲ!

ಈ ಐವರ ಕಾಲದಲ್ಲಿ ಕ್ಲಬ್ಬು 1949, 1950, 1951ರಲ್ಲಿ ಸತತ ಮೂರು ಸಲ ಐ.ಎಫ್.ಎ. ಶೀಲ್ಡ್ ಗೆದ್ದಿತು, 1951, 1952ರಲ್ಲಿ ಡ್ಯುರಾಂಡ್ ಕಪ್ಪು. 1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕೂಟ ನಡೆದಾಗ ಇರಾನನ್ನು 1–0 ಗೋಲಿನಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿಯೂ ಅಹಮದ್ ಖಾನರಿದ್ದರು. ಆ ಗೋಲು ಮೇವಾಲಾಲರದು.

ಇನ್ನು ಹೆಲ್ಸಿಂಕಿ. 1952ರ ಜುಲೈ 15. ಉತ್ತರ ದೇಶದ ತಣ್ಣನೆಯ ನೆಲ, ಎದುರಿಗೆ ಯುಗೋಸ್ಲಾವಿಯ, ಹಿಂದಿನ ಕೂಟದಲ್ಲಿ ಬೆಳ್ಳಿ ಗೆದ್ದವರು. ವಿರಾಮದ ಹೊತ್ತಿಗೆ ಐದು ಗೋಲು. ಆಮೇಲೆ ಇನ್ನೈದು. ಹತ್ತು ಗೋಲು ತಿಂದು, ಪಂದ್ಯ ಮುಗಿಯಲು ಒಂದು ನಿಮಿಷ ಉಳಿದಿದ್ದಾಗ, ಅಹಮದ್ ಖಾನರು ಚೆಂಡನ್ನು ಗೋಲಿಗೆ ಸೇರಿಸಿದರು. 10–1. ಪುಸ್ತಕಗಳಲ್ಲಿ ಇದು ನಮ್ಮ ದೊಡ್ಡ ಅವಮಾನವೆಂದೇ ದಾಖಲಾಗಿದೆ. ಆಮೇಲೆ ಬೂಟು ಕಡ್ಡಾಯವಾಯಿತು ಎಂಬುದೂ ಜೊತೆಗೆ. ಅದನ್ನು ಅಲ್ಲಗಳೆಯಲು ನಾನು ಬರಲಿಲ್ಲ. ಒಮ್ಮೆ ತರಗತಿಯಲ್ಲಿ ಈ ಕಥೆ ಹೇಳಿದಾಗ ಒಬ್ಬ ಹುಡುಗ ಎದ್ದು, "ಹತ್ತಾದ ಮೇಲೆ ಯಾಕೆ ಓಡಿದರು ಸಾರ್?" ಎಂದ. ನಾನು ಉತ್ತರಕ್ಕೆ ತಡಕಾಡುತ್ತಿರುವಾಗ ಹಿಂದಿನ ಬೆಂಚಿನಿಂದ ಇನ್ನೊಬ್ಬ, "ಇನ್ನೂ ಟೈಮ್ ಇತ್ತಲ್ಲೋ" ಎಂದ.

ಆ ಯುಗೋಸ್ಲಾವಿಯವನ್ನು ಅದೇ ಕೂಟದ ಕೊನೆಯ ಪಂದ್ಯದಲ್ಲಿ ಹಂಗೇರಿ 2–0ಯಿಂದ ಸೋಲಿಸಿತು. ಆ ಹಂಗೇರಿಯನ್ನು ಎರಡು ವರ್ಷಗಳ ಮೇಲೆ, 1954ರ ಜುಲೈ 4ರಂದು, ಬರ್ನ್ ನಗರದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಪಶ್ಚಿಮ ಜರ್ಮನಿ 3–2ರಿಂದ ಸೋಲಿಸಿತು. ಆ ಜರ್ಮನ್ ತಂಡದ ನಾಯಕ ಫ್ರಿಟ್ಸ್ ವಾಲ್ಟರ್. ಅಹಮದ್ ಖಾನರಿಗಿಂತ ಆರು ವರ್ಷ ಹಿರಿಯರು. ಇವರಿಬ್ಬರನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ನನಗೆ ಒಂದು ಕಾರಣವಿದೆ, ಹೇಳುತ್ತೇನೆ.

ಬರ್ನಿನಲ್ಲಿ ಅಂದು ಮಳೆ. ವಾಲ್ಟರರಿಗೆ ಮಳೆಯೇ ಬೇಕಾಗಿತ್ತು. ಯುದ್ಧಕಾಲದಲ್ಲಿ ತಗುಲಿದ ಮಲೇರಿಯದಿಂದ ಬಿಸಿಲಿನಲ್ಲಿ ಆಡುವುದು ಅವರಿಗೆ ಕಷ್ಟವಾಗುತ್ತಿತ್ತು. ಸಾಲದ್ದಕ್ಕೆ ಆಡಿ ಡಾಸ್ಲರ್ ಎಂಬಾತ ಬೂಟಿನ ಅಡಿಯ ಮೊಳೆಗಳನ್ನು ತಿರುಪಿನಿಂದ ಬಿಚ್ಚಿ, ಕೆಸರಿಗೆ ತಕ್ಕ ಉದ್ದದ ಮೊಳೆಗಳನ್ನು ಹಾಕಿಕೊಡುವ ಏರ್ಪಾಡು ಮಾಡಿದ್ದ. ಹೆಲ್ಸಿಂಕಿಯ ಬರಿಗಾಲಿಗೂ ಬರ್ನಿನ ತಿರುಪು ಮೊಳೆಗೂ ನಡುವೆ ಎರಡೇ ವರ್ಷ. 1945ರಲ್ಲಿ ವಾಲ್ಟರ್ ಯುದ್ಧಕೈದಿಯಾಗಿ ರಷ್ಯಕ್ಕೆ ಹೋಗಬೇಕಾಗಿತ್ತು. ಶಿಬಿರದ ಕಾವಲಿನವನೊಬ್ಬ ಹಿಂದೆ ಇವರ ಆಟ ನೋಡಿದ್ದವನು ಗುರುತು ಹಿಡಿದನೆಂದೂ, ಪಟ್ಟಿಯಿಂದ ಇವರ ಹೆಸರು ಬಿಟ್ಟುಹೋಯಿತೆಂದೂ ಅವರೇ ಹೇಳಿಕೊಂಡಿದ್ದರು. ಕೊನೆಯವರೆಗೂ ತಮ್ಮ ಊರಿನ ಕೈಸರ್ಸ್‌ಲೌಟರ್ನ್ ಕ್ಲಬ್ಬಿಗೇ ಆಡಿದರು. ಸ್ಪೇನಿನಿಂದ ಹಣದ ಆಸೆ ಬಂದರೂ ಕದಲಲಿಲ್ಲ. ಆಗ ಅಲ್ಲಿಯೂ ಸಂಬಳಕ್ಕೆ ಮಿತಿಯಿತ್ತು. ಅದಕ್ಕೇ ಅವರು ಆಟದ ಜೊತೆಗೆ ಒಗೆತದ ಅಂಗಡಿ ನಡೆಸಿದರು, ಚಿತ್ರಮಂದಿರ ನಡೆಸಿದರು. ಆಟ ಬಿಟ್ಟ ಮೇಲೆ ಸೆರೆಮನೆಗಳಿಗೆ ಹೋಗಿ ಕೈದಿಗಳನ್ನು ಕಂಡು ಮಾತನಾಡಿಸುವ ಕೆಲಸ ಹಿಡಿದರು. 1985ರಲ್ಲಿ ಊರಿನವರು ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟರು. ಅವರು ತೀರಿಕೊಂಡದ್ದು 2002ರಲ್ಲಿ. ಎಂದರೆ ತಮ್ಮ ಹೆಸರಿನ ಕ್ರೀಡಾಂಗಣವನ್ನು ಹದಿನೇಳು ವರ್ಷ ಕಣ್ಣಾರೆ ಕಂಡರು.

ಅಹಮದ್ ಖಾನರು ಈಸ್ಟ್ ಬೆಂಗಾಲಿನಲ್ಲಿ ಹತ್ತು ವರ್ಷ ಆಡಿ 1959ರಲ್ಲಿ ಮುಗಿಸಿದರು. ಆಗ ಅವರಿಗೆ ಮೂವತ್ತೆರಡು ಮೂವತ್ತಮೂರು. ಅರ್ಜುನ ಪ್ರಶಸ್ತಿ ಆರಂಭವಾದದ್ದು 1961ರಲ್ಲಿ, ಎರಡು ವರ್ಷ ತಡವಾಗಿ. ಅವರ ಕಾಲದಲ್ಲಿ ನಮ್ಮ ದೇಶದ ಫುಟ್‌ಬಾಲಿಗನಿಗೆ ಆಟವೇ ವೃತ್ತಿ ಎಂದು ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ. ಕ್ಲಬ್ಬು ಇರಲು ಕೋಣೆ ಕೊಡುತ್ತಿತ್ತು, ಊಟ ಹಾಕುತ್ತಿತ್ತು. ಅದೃಷ್ಟವಿದ್ದವರಿಗೆ ರೈಲ್ವೆಯಲ್ಲೋ, ನಮ್ಮ ಎಚ್.ಎ.ಎಲ್., ಐ.ಟಿ.ಐ.ಗಳಂಥ ಕಾರ್ಖಾನೆಯಲ್ಲೋ ಒಂದು ನೌಕರಿ. ಕಾಲು ಸೋತ ಮೇಲೆ ಆ ನೌಕರಿಯೇ ಗತಿ. ಐವತ್ತು ಸಾವಿರ ಜನ ಹೆಸರು ಹಿಡಿದು ಕೂಗಿದ್ದು ಪಿಂಚಣಿಗೆ ಲೆಕ್ಕವಲ್ಲ.

ಆಟ ಬಿಟ್ಟ ಮೇಲೆ ಅವರು ಹುಟ್ಟೂರಿಗೇ ಮರಳಿದರು. ಒಂದು ಲೆಕ್ಕ ಹಾಕಿ ನೋಡಿ. ಈಸ್ಟ್ ಬೆಂಗಾಲಿನ ಆಟ ಹತ್ತು ವರ್ಷ. ಅದರ ಅನಂತರದ ಬಾಳು ಐವತ್ತೆಂಟು ವರ್ಷ. ನಮ್ಮ ಕವಿಗಳು ಪೂರ್ವಪುರಾಣ, ಉತ್ತರಪುರಾಣ ಎಂದು ಎರಡು ಭಾಗ ಮಾಡುತ್ತಾರೆ. ಆಟಗಾರರ ವಿಷಯದಲ್ಲಿ ಮಾತ್ರ ನಾವು ಪೂರ್ವಭಾಗ ಓದಿ ಪುಸ್ತಕ ಮುಚ್ಚಿಬಿಡುತ್ತೇವೆ. ಈ ಐವತ್ತೆಂಟು ವರ್ಷಗಳಲ್ಲಿ ಬೆಂಗಳೂರಿನ ಬಸ್ಸಿನಲ್ಲಿ, ಮಾರುಕಟ್ಟೆಯಲ್ಲಿ, ಸಾಲಿನಲ್ಲಿ ನಮ್ಮ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಹೆಲ್ಸಿಂಕಿಯ ಹಾವಾಡಿಗರಾಗಿದ್ದಿರಬಹುದು, ನೀವೂ ನಾನೂ ಸರಿದು ಮುಂದೆ ಹೋಗಿರಬಹುದು.

ಇದು ಅವರೊಬ್ಬರ ಪಾಡೂ ಅಲ್ಲ. ಸಾರಂಗಪಾಣಿ ರಾಮನ್ನರ ಹೆಸರು ಇನ್ನೂ ಕಡಿಮೆ ಕೇಳಿಬರುತ್ತದೆ. 1956ರಲ್ಲಿ ಮೆಲ್ಬೋರ್ನ್ ಕೂಟದಲ್ಲಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂದಿತು. ಆ ತಂಡದಲ್ಲಿ ಆಡಿದ ಮರಿಯಪ್ಪ ಕೆಂಪಯ್ಯನವರದು ಅಚ್ಚ ನಮ್ಮ ಕಡೆಯ ಹೆಸರು. ಅದೂ ನಮ್ಮ ಪೇಟೆಯ ಕಿವಿಗೆ ಬೀಳಲಿಲ್ಲ. ದಂಡಿನವರು ಉರ್ದು, ತಮಿಳು ಆಡುವವರು, ಅವರ ಆಟ ಅವರದು ಎಂದು ನಾವು ಅಂದುಕೊಂಡದ್ದು ಇದಕ್ಕೆ ಕಾರಣವೆಂದು ನನ್ನ ಅಭಿಪ್ರಾಯ. ಕನ್ನಡ ಓದಿಸುವವರು ಮನಸ್ಸು ಮಾಡಿದರೆ ಒಂದು ಪಾಠ, ನಾಲ್ಕೇ ಪುಟ, ಬರೆಯುವುದು ಕಷ್ಟವಲ್ಲ. ನನ್ನ ತರಗತಿಗೆ ನಾನು ಬರೆದು ಓದಿಸುತ್ತಿದ್ದೇನೆ. ಇಲಾಖೆಯ ಪುಸ್ತಕಕ್ಕೆ ಹೇಳುವ ಅಧಿಕಾರ ನನಗಿಲ್ಲ.

2017ರ ಆಗಸ್ಟ್ 27ರಂದು ಅಹಮದ್ ಖಾನರು ಬೆಂಗಳೂರಿನಲ್ಲಿ ತೀರಿಕೊಂಡರು. ತೊಂಬತ್ತು ವರ್ಷ ತುಂಬಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಸಂತಾಪ ಸೂಚಿಸಿತು. 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ನಾವು ಅದನ್ನು ಹಿಂದೆ ನಾಲ್ಕು ಸಲ ಗೆದ್ದಿದ್ದೆವು, ಕೊನೆಯ ಸಲ 1968–69ರಲ್ಲಿ. ಅಶೋಕನಗರದ ಫುಟ್‌ಬಾಲ್ ಮೈದಾನ ಬಳೇಪೇಟೆಯಿಂದ ಹೆಚ್ಚೆಂದರೆ ಒಂದು ಹರದಾರಿ. ಊರಿನ ಲೀಗ್ ಪಂದ್ಯಗಳು ಅಲ್ಲಿ ನಡೆಯುತ್ತವೆ. ನಡುವೆ ಕಬ್ಬನ್ ಪಾರ್ಕನ್ನು ದಾಟಬೇಕು, ಅಷ್ಟೆ.