ಕ್ಷಯರೋಗವೂ ನೆರೆಯವನ ಅನ್ನವೂ

(ಶತಮಾನೋತ್ಸವದ ಅಂಗವಾಗಿ ಜರುಗಿದ ಆರೋಗ್ಯ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಸಿದ್ಧತೆಗಾಗಿ ನಮ್ಮ ದೇವಾಲಯದ ಹಳೆಯ ಮರಣ ದಾಖಲೆಯ ಪುಸ್ತಕಗಳನ್ನು ತೆರೆದು ನೋಡುವ ಪ್ರಸಂಗ ನನಗೆ ಒದಗಿತು. ಮರಣದ ಕಾರಣವನ್ನು ಬರೆಯುವ ಅಂಕಣದಲ್ಲಿ ಹಿಂದಿನ ಗುರುಗಳು ಮತ್ತೆ ಮತ್ತೆ ಬರೆದಿರುವ ಪದ ಒಂದೇ: ಕ್ಷಯ. ಅದರ ಎದುರಿಗಿರುವ ಹೆಸರುಗಳಲ್ಲಿ ಹೆಚ್ಚಿನವು ಕೂಲಿಕಾರರವು, ಕಲ್ಲು ಒಡೆಯುವವರವು. ಹೊಲಗದ್ದೆಯುಳ್ಳ ಮನೆತನಗಳ ಹೆಸರುಗಳು ಅಲ್ಲಿ ಅಪರೂಪ.

ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದ ಸಂಗತಿಯನ್ನು ಜರ್ಮನಿಯ ವೈದ್ಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದರು. ಆ ಸೂಕ್ಷ್ಮಾಣುವಿಗೆ ಕುಲವಿಲ್ಲ, ಅಂತಸ್ತಿಲ್ಲ. 1897ರಲ್ಲಿ ಲಿಸ್ಯೂವಿನ ಮಠದಲ್ಲಿ 24ರ ಪ್ರಾಯದ ಸಂತ ತೆರೇಸಮ್ಮನವರನ್ನು ಬಲಿ ತೆಗೆದುಕೊಂಡದ್ದೂ ಅದೇ. ಆದರೆ ಉಸಿರಿನೊಡನೆ ಒಳಹೊಕ್ಕ ಸೂಕ್ಷ್ಮಾಣು ಎಲ್ಲರಲ್ಲಿಯೂ ರೋಗವಾಗುವುದಿಲ್ಲ. ಬಹುಮಂದಿಯ ದೇಹ ಅದನ್ನು ಅಡಗಿಸಿಡುತ್ತದೆ. ಅರೆಹೊಟ್ಟೆ, ಕಲ್ಲಿನ ಧೂಳು, ಹೊಗೆ, ಮದ್ಯ, ಸಕ್ಕರೆ ಕಾಯಿಲೆ ಇವು ದೇಹದ ಆ ಕಾವಲನ್ನು ಮುರಿಯುತ್ತವೆ. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೋಣೆ ಒಬ್ಬರ ರೋಗವನ್ನು ಮನೆಮಂದಿಗೆಲ್ಲ ಹಂಚುತ್ತದೆ.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತೀಯರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 15 ವರ್ಷ ಮತ್ತು ಮೇಲ್ಪಟ್ಟವರ ಪೈಕಿ ಲಕ್ಷಕ್ಕೆ 316 ಮಂದಿಯಲ್ಲಿ ಶ್ವಾಸಕೋಶದ ಕ್ಷಯ ಕಂಡುಬಂದಿತು. ಆದರೆ ಸರಾಸರಿ ಎಂಬುದು ಉಂಡವನ ಎಲೆಯನ್ನೂ ಉಪವಾಸವಿದ್ದವನ ಎಲೆಯನ್ನೂ ಕೂಡಿಸಿ ಭಾಗಿಸಿದ ಲೆಕ್ಕ. ಅದೇ ಸಮೀಕ್ಷೆಯಲ್ಲಿ ಕೇರಳದ ಸಂಖ್ಯೆ 115, ದೆಹಲಿಯದು 534. ಮಧ್ಯಪ್ರದೇಶದ ಸಹರಿಯಾ ಆದಿವಾಸಿಗಳಲ್ಲಿಯಾದರೋ, 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಲಕ್ಷಕ್ಕೆ 1,518! ರಾಷ್ಟ್ರ ಒಂದೇ, ಸೂಕ್ಷ್ಮಾಣು ಒಂದೇ. ಹೊರೆ ಮಾತ್ರ ಒಂದೇ ಅಲ್ಲ.

ಹಸಿವಿಗೂ ಈ ರೋಗಕ್ಕೂ ಇರುವ ನಂಟನ್ನು ಸ್ಪಷ್ಟಪಡಿಸಿದ ಕಾರ್ಯದಲ್ಲಿ ನಮ್ಮ ನಾಡಿಗೂ ಪಾಲಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು 2019ರಿಂದ 2022ರವರೆಗೆ ಜಾರ್ಖಂಡಿನ 4 ಜಿಲ್ಲೆಗಳಲ್ಲಿ 2,800 ರೋಗಿಗಳನ್ನೂ ಅವರ ಮನೆಯವರನ್ನೂ ಅಧ್ಯಯನಕ್ಕೆ ತೆಗೆದುಕೊಂಡರು. ರೋಗಿಗಳೆಲ್ಲರಿಗೂ ಆಹಾರ ದೊರೆಯಿತು. ಒಂದು ಗುಂಪಿನಲ್ಲಿ ಮನೆಯವರಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ, ಜೀವಸತ್ವದ ಮಾತ್ರೆಗಳು ದೊರೆತವು. ಆ ಗುಂಪಿನ ಮನೆಯವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇಕಡಾ 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾಯಿತು.

ಇದನ್ನು ಓದಿದಾಗ ನನ್ನ ತಪ್ಪೊಂದು ನೆನಪಾಯಿತು. ಯೌವನದಲ್ಲಿ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಕ್ಷಯದಿಂದ ನರಳುತ್ತಿದ್ದ ಕಲ್ಲುಕುಟಿಗನೊಬ್ಬನಿಗೆ ಪರಮಪ್ರಸಾದವನ್ನು ಕೊಂಡೊಯ್ಯುತ್ತಿದ್ದೆ. ಗುಳಿಗೆಗಳನ್ನು ನಡುವೆಯೇ ನಿಲ್ಲಿಸಿದನೆಂದು ತಿಳಿದು ಅವನನ್ನು ಗದರಿದೆ. “ಬರೀ ಹೊಟ್ಟೆಗೆ ನುಂಗಿದ್ರೆ ವಾಂತಿ ಆಗ್ತದೆ ಸ್ವಾಮಿ” ಎಂದಳು ಅವನ ಹೆಂಡತಿ. ಆಕೆ ಹೇಳಿದ್ದು ಗುಳಿಗೆಯ ಮಾತಲ್ಲ, ಒಲೆಯ ಮಾತು ಎಂಬುದು ನನಗಾಗ ಹೊಳೆಯಲಿಲ್ಲ. ಪ್ರಭುವಿನ ಶರೀರವನ್ನು ಕೊಂಡೊಯ್ದ ಕೈ ಒಂದು ಸೇರು ಅಕ್ಕಿಯನ್ನು ಕೊಂಡೊಯ್ಯಲಿಲ್ಲ. ಮುಂದಿನ ಮಳೆಗಾಲದಲ್ಲಿ ಅವನ ಶವಸಂಸ್ಕಾರವನ್ನು ನಾನೇ ನಡೆಸಿದೆ.

ಆದುದರಿಂದ ನಿಮ್ಮಲ್ಲಿ ನನ್ನ ಬಿನ್ನಹಗಳು ಮೂರು. ಎರಡು ವಾರ ಮೀರಿದ ಕೆಮ್ಮನ್ನು ಮುಚ್ಚಿಡದೆ ಕಫ ಪರೀಕ್ಷೆ ಮಾಡಿಸಿರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ರೋಗಲಕ್ಷಣವಿದ್ದವರಲ್ಲಿ ಶೇಕಡಾ 64ರಷ್ಟು ಮಂದಿ ಚಿಕಿತ್ಸೆಯನ್ನೇ ಅರಸಿರಲಿಲ್ಲವೆಂದು ಮೇಲೆ ಹೇಳಿದ ಸಮೀಕ್ಷೆಯೇ ತಿಳಿಸುತ್ತದೆ. ಎರಡನೆಯದಾಗಿ, ರೋಗಿಯನ್ನು ದೂರವಿಡಬೇಡಿರಿ. ಮನೆಯಲ್ಲಿಯೇ ಚಿಕಿತ್ಸೆ ಪಡೆದವರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣವಾಗುತ್ತಾರೆ, ಅದರಿಂದ ಮನೆಯವರಿಗೆ ಹೆಚ್ಚಿನ ಅಪಾಯವಿಲ್ಲ ಎಂಬುದನ್ನು 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನ ತೋರಿಸಿಕೊಟ್ಟಿತು. ಮೂರನೆಯದು ಅನ್ನದ ಮಾತು. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕಾಗಿ ಸರ್ಕಾರವು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ. ಅದು ರೋಗಿಯ ಪಾಲು. ಅವನ ಮಕ್ಕಳ ತಟ್ಟೆಯನ್ನು ತುಂಬುವ ಹೊಣೆ ನೆರೆಯವರಾದ ನಮ್ಮದು. ನಮ್ಮ ಊರಿನ ಯಾವ ಮತದ ಮನೆಯೇ ಆಗಲಿ, ಕ್ಷಯವಿರುವ ಮನೆಗೆ ತಿಂಗಳ ಅಕ್ಕಿ ಬೇಳೆಯನ್ನು ತಲಪಿಸುವ ಸಂಕಲ್ಪವನ್ನು ಈ ಉತ್ಸವದ ನೆನಪಿಗಾಗಿ ಕೈಗೊಳ್ಳೋಣ.

ಗೋಪುರಕ್ಕೆ ಬಣ್ಣ ಬಳಿದಿದ್ದೇವೆ, ಸಂತೋಷ. ಇನ್ನು ನೂರು ವರ್ಷಗಳ ಬಳಿಕ ನಮ್ಮ ದಾಖಲೆಯ ಪುಸ್ತಕವನ್ನು ತೆರೆಯುವ ಗುರುಗಳಿಗೆ, ಆ ಅಂಕಣದಲ್ಲಿ ಆ ಒಂದು ಪದವು ಕಾಣದಿರಲಿ.

ಪ್ರಭುವು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.