ಎದೆಯೊಳಗಿನ ಧೂಳು



ನಾಡಹಬ್ಬದ ದಿನ ರೋಗದ ಮಾತೇಕೆ ಎಂದು ಕೆಲವರು ಕೇಳಬಹುದು. ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ಕನ್ನಡಿಗರೆಲ್ಲರೂ ನಮ್ಮಂತೆ ಮೇಜಿನ ಮುಂದೆ ಕುಳಿತು ದುಡಿಯುವವರಲ್ಲ. ಭೋಸರಿ, ಪಿಂಪ್ರಿ-ಚಿಂಚವಡಗಳ ಎರಕದ ಕಾರ್ಖಾನೆಗಳಲ್ಲಿ, ಕಟ್ಟಡಗಳಿಗೆ ಗ್ರಾನೈಟು ಕೊಯ್ಯುವ ಕಡೆಗಳಲ್ಲಿ ವಿಜಾಪುರ, ಕಲಬುರ್ಗಿ ಸೀಮೆಯ ನಮ್ಮವರೂ ಇದ್ದಾರೆ. ಅವರ ಕ್ಷೇಮವೂ ಈ ಹಬ್ಬಕ್ಕೆ ಸಂಬಂಧಪಟ್ಟದ್ದೇ.

ಎರಕದ ಮರಳಿನಲ್ಲಿಯೂ ಗ್ರಾನೈಟಿನಲ್ಲಿಯೂ ಸಿಲಿಕವೆಂಬ ವಸ್ತುವಿದೆ. ಅದರ ಅತಿ ಸೂಕ್ಷ್ಮವಾದ ಧೂಳು ಕಣ್ಣಿಗೆ ಕಾಣದು. ಬಾಯಿಗೆ ಕಟ್ಟಿದ ವಸ್ತ್ರಕ್ಕೂ ನಿಲ್ಲದು. ಶ್ವಾಸಕೋಶದ ಆಳಕ್ಕಿಳಿದು ಅದನ್ನು ಗಡುಸುಗೊಳಿಸುತ್ತದೆ. ಇದೇ ಸಿಲಿಕೋಸಿಸ್. ಬಹುಮಟ್ಟಿಗೆ ಹತ್ತಾರು ವರ್ಷ ಕಳೆದ ಮೇಲೆಯೇ ಏದುಸಿರು, ಕೆಮ್ಮು ತೋರುತ್ತವೆ. ಕ್ಷಯವೆಂದು ತಪ್ಪಾಗಿ ತಿಳಿಯುವುದುಂಟು. ನಿಜವಾದ ಕ್ಷಯವೇ ಬಂದು ಸೇರುವುದೂ ಉಂಟು. ಗುಣಪಡಿಸುವ ಮದ್ದಿಲ್ಲ, ಧೂಳೇಳದಂತೆ ನೀರು ಹಾಯಿಸಿ ಕೊಯ್ಯುವುದು, ಎದ್ದ ಧೂಳನ್ನು ಯಂತ್ರದಿಂದ ಹೊರಗೆಳೆಯುವುದು, ತಕ್ಕ ಮುಖಕವಚ ಕೊಡುವುದು, ಇವೇ ಉಪಾಯಗಳು.

ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಗಳಿಂದ. 1940ರಲ್ಲಿ ಮೈಸೂರು ಸರಕಾರವು ಇದನ್ನು ವರದಿ ಮಾಡಲೇಬೇಕು, ಪೀಡಿತನಿಗೆ ಪರಿಹಾರ ಕೊಡಬೇಕು ಎಂದು ನಿಯಮ ಮಾಡಿತು. 1948ರ ಕಾರ್ಖಾನೆ ಕಾಯ್ದೆಯೂ ವರದಿ ಮಾಡಬೇಕಾದ ರೋಗಗಳಲ್ಲಿ ಇದನ್ನು ಸೇರಿಸಿತು. 2001ರಲ್ಲಿ ಆ ಚಿನ್ನದ ಗಣಿಗಳು ಮುಚ್ಚಿದವು. ಧೂಳಿನ ಕೆಲಸ ಮಾತ್ರ ಬೇರೆ ಬೇರೆ ಊರುಗಳಲ್ಲಿ ಮುಂದುವರಿದೇ ಇದೆ.

ಗಣಿಯಲ್ಲಿ ಯಜಮಾನನೊಬ್ಬನಿದ್ದ, ಹಾಜರಿ ಪುಸ್ತಕವಿತ್ತು. ಇಂದಿನ ಗುತ್ತಿಗೆಯ ಕೂಲಿಕಾರನಾದರೋ ವರ್ಷಕ್ಕೊಬ್ಬ ಗುತ್ತಿಗೆದಾರನ ಬಳಿ ದುಡಿಯುತ್ತಾನೆ. ಹತ್ತು ವರ್ಷಗಳ ಮೇಲೆ ಉಸಿರು ಕಟ್ಟಿದಾಗ, ಎಲ್ಲಿ ದುಡಿದೆ ಎಂದು ಕೇಳಿದರೆ ತೋರಿಸಲು ಚೀಟಿಯೊಂದೂ ಇರುವುದಿಲ್ಲ. ಬರೆದಿಡದ ಲೆಕ್ಕ ವಸೂಲಾಗುವುದು ಕಷ್ಟವೆಂಬುದು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವ ನಮಗೆ ದಿನದಿನವೂ ಕಾಣುವ ಸಂಗತಿ.

ಆದ್ದರಿಂದ ನಮ್ಮದೊಂದು ಸೂಚನೆ. ತಿಂಗಳಿಗೊಂದು ಭಾನುವಾರ, ಅಕ್ಷರ ಬಲ್ಲ ನಾವು ನಾಲ್ಕಾರು ಜನ ಈ ಸಹೋದರ ಸಹೋದರಿಯರೊಡನೆ ಕುಳಿತುಕೊಳ್ಳೋಣ. ಎಲ್ಲಿ, ಯಾರ ಬಳಿ, ಎಂದಿನಿಂದ ಎಂದಿನವರೆಗೆ, ಯಾವ ಕೆಲಸ ಎಂಬುದನ್ನು ಪ್ರತಿಯೊಬ್ಬರಿಗೂ ಒಂದು ಪುಸ್ತಕದಲ್ಲಿ ಬರೆದುಕೊಡೋಣ. ಸಂಬಳದ ಚೀಟಿ, ವಿಮೆಯ ನಂಬರು, ಎದೆಯ ಎಕ್ಸರೇ ಇವನ್ನು ಜೋಪಾನವಾಗಿಡಲು ಹೇಳೋಣ. ವೈದ್ಯರ ಮುಂದೆ ಕೆಮ್ಮಿನ ಜೊತೆಗೆ ಕೆಲಸವನ್ನೂ ತಿಳಿಸಬೇಕೆನ್ನೋಣ. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುವ ಎಚ್ಚರಿಕೆಯ ಫಲಕಗಳನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳೋಣ.

ಪರನಾಡಿನಲ್ಲಿ ಕನ್ನಡ ಉಳಿಯಬೇಕೆನ್ನುತ್ತೇವೆ. ಆ ಮಾತನ್ನಾಡುವವರ ಉಸಿರೂ ಉಳಿಯಬೇಕಲ್ಲವೇ? ಸಂಘದ ಹಿರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸಿ, ನಮ್ಮ ಮಾತುಗಳನ್ನು ಮುಗಿಸುತ್ತೇವೆ.