ಸರ್ಕಲ್ಲೂ ವೃತ್ತವೂ



ಮೈಸೂರಿನಲ್ಲಿ ದಾರಿ ಕೇಳಿದವರಿಗೆ ಸಿಗುವ ಉತ್ತರದಲ್ಲಿ ಒಂದು ಸರ್ಕಲ್ ಇದ್ದೇ ಇರುತ್ತದೆ. ಲ್ಯಾಟಿನ್ನಿನಲ್ಲಿ ‘ಸರ್ಕಸ್’ ಎಂದರೆ ಬಳೆಯಂಥ ದುಂಡು ಆಕಾರ. ಅದರ ಪುಟ್ಟ ರೂಪವೇ ‘ಸರ್ಕ್ಯುಲಸ್’. ಇಂಗ್ಲಿಷಿನ ಸರ್ಕಲ್ ಹುಟ್ಟಿದ್ದು ಅದರಿಂದ.

ನಮ್ಮಲ್ಲಿಗೆ ಬಂದ ಮೇಲೆ ಅದು ದುಂಡಗೇ ಉಳಿಯಲಿಲ್ಲ. ಹಲವು ರಸ್ತೆಗಳು ಕೂಡುವ ಜಾಗವೆಲ್ಲ ಸರ್ಕಲ್ಲೇ. ಪೊಲೀಸರಿಗೆ ಅದು ಕೆಲವು ಠಾಣೆಗಳ ವ್ಯಾಪ್ತಿ. ಹಳ್ಳಿಯಲ್ಲಿ ‘ಸರ್ಕಲ್ ಬಂದ್ರು’ ಎಂದರೆ ಇನ್ಸ್‌ಪೆಕ್ಟರ್ ಬಂದರೆಂದು ಅರ್ಥ! ಅಂಚೆ ಇಲಾಖೆಗಂತೂ ಇಡೀ ಕರ್ನಾಟಕವೇ ಒಂದು ಸರ್ಕಲ್.

ಕನ್ನಡ ಫಲಕಗಳಲ್ಲಿ ಇದು ‘ವೃತ್ತ’ವಾಯಿತು. ಸುತ್ತು, ಹೊರಳು ಎಂಬರ್ಥದ ಸಂಸ್ಕೃತ ಧಾತುವಿನಿಂದ ಬಂದ ಪದವಿದು. ಛಂದಸ್ಸಿನಲ್ಲಿ ಚಂಪಕಮಾಲೆ, ಉತ್ಪಲಮಾಲೆಗಳೂ ವೃತ್ತಗಳೇ. ನಡೆದ ಸಂಗತಿಯೂ ವೃತ್ತ, ಅದಕ್ಕೇ ‘ವೃತ್ತಪತ್ರಿಕೆ’. ಮೊದಲೇ ಹಲವು ಹೊರೆ ಹೊತ್ತಿದ್ದ ಪದ ಸರ್ಕಲ್ಲಿನ ಹೊರೆಯನ್ನೂ ಹೊತ್ತುಕೊಂಡಿತು.

ಆದರೂ ಆಟೋದವರಿಗೆ ‘ವೃತ್ತಕ್ಕೆ ನಡೀರಿ’ ಎನ್ನುವವರು ವಿರಳ. 1910ರಿಂದ 1916ರವರೆಗೆ ವೈಸರಾಯ್ ಆಗಿದ್ದ ಹಾರ್ಡಿಂಜ್ ಹೆಸರಿನ ಸರ್ಕಲ್ಲಿಗೆ ಈಗ ಜಯಚಾಮರಾಜ ಒಡೆಯರ ಹೆಸರಿದೆ. ಅವರ ಪ್ರತಿಮೆಯೂ ಅಲ್ಲಿದೆ. ಅನೇಕರ ಬಾಯಲ್ಲಿ ಮಾತ್ರ ಅದಿನ್ನೂ ಹಾರ್ಡಿಂಜ್ ಸರ್ಕಲ್.

ಇದನ್ನು ಅಭಿಮಾನದ ಕೊರತೆ ಎನ್ನಬೇಕಾಗಿಲ್ಲ. ಫಲಕ ಬದಲಿಸಲು ಒಂದು ದಿನ ಸಾಕು. ನಾಲಗೆಯ ರೂಢಿ ಬದಲಾಗಲು ತಲೆಮಾರುಗಳೇ ಬೇಕು. ಫಲಕದ ಹೆಸರು ನಾವು ಸಲ್ಲಿಸುವ ಗೌರವ, ಬಾಯಿಯ ಹೆಸರು ಊರಿನ ನೆನಪು. ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸುವುದು ಬೇಡ. ಮಕ್ಕಳಿಗೆ ಎರಡರ ಕಥೆಯನ್ನೂ ಹೇಳೋಣ.